ನೀರು ಸುರಿದ ಹುಸೇನಜ್ಜ

ಯಂತ್ರದ ಪರದೆಯ ಮೇಲೆ ಗೆರೆ ಏಳಲೇ ಇಲ್ಲ. ಬಂಡೆಯೊಳಗಿನ ಬಿರುಕನ್ನು ಶಬ್ದದ ಅಲೆಯಿಂದ ಹುಡುಕುವ ನಮ್ಮ ಹೊಸ ಯಂತ್ರ, ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಯಲ್ಲಿ ಮಾಲೀಕರ ಎದುರೇ ಕೈಕೊಟ್ಟಿತ್ತು. ಎಂಬತ್ತರ ದಶಕದ ಮಾತು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಈ ಭಾಗದ ಮಾರಾಟವೆಲ್ಲ ನನ್ನದೇ ಹೊಣೆ. ವರ್ಷವಾದರೂ ಒಂದು ಯಂತ್ರವೂ ಹೋಗಿರಲಿಲ್ಲ; ಇದೂ ತಪ್ಪಿದರೆ ನೌಕರಿ ಹೋಗುತ್ತಿತ್ತು.

“ಬಿಎಸ್ಸಿ ಸಾಹೇಬ್ರ, ನಿಮ್ಮ ಪೆಟಿಗಿ ಮಲಗೇತಲ್ರಿ!” ಮಾಲೀಕರು ನಕ್ಕರು.

ಸುತ್ತಿಗೆಯಿಂದ ಬಡಿದು, ದನಿ ಕೇಳಿಯೇ ಬಿರುಕು ಹೇಳುವ ಹುಸೇನಜ್ಜ ಪಕ್ಕದಲ್ಲೇ ನಿಂತಿದ್ದರು. ಯಂತ್ರ ಬಂದರೆ ಹೋಗುವುದು ಅವರ ಕೆಲಸವೇ. ಆದರೂ, “ನೀರ ಹೊಡೀಲಾರದ ನಾನೂ ಕಲ್ಲ ನೋಡಂಗಿಲ್ಲ ತಮ್ಮಾ,” ಎನ್ನುತ್ತ ಕಲ್ಲಿನ ಮೇಲೆ ಕೊಡದ ನೀರು ಸುರಿದು, ಸುತ್ತಿಗೆಯಿಂದ ಬಡಿದು ಒಂದು ಕಡೆ ಬೆರಳಿಟ್ಟರು.

ಆಗ ಹೊಳೆಯಿತು. ಅಲೆ ಕಲ್ಲಿನೊಳಗೆ ಇಳಿಯಲು ಕಲ್ಲಿಗೂ ಯಂತ್ರಕ್ಕೂ ನಡುವೆ ಗ್ರೀಸ್ ಸವರಬೇಕಿತ್ತು, ಗಡಿಬಿಡಿಯಲ್ಲಿ ಮರೆತಿದ್ದೆ. ಆ ಕೆಲಸವನ್ನು ನೀರು ಮಾಡಿತು, ಗೆರೆ ಎದ್ದಿತು. ಅಜ್ಜ ಬೆರಳಿಟ್ಟ ಜಾಗದಲ್ಲೇ ಬಿರುಕು.

“ಅಂದ್ರ ಇನ್ನ ಈ ಅಜ್ಜ ಯಾಕ ಬೇಕ್ರಿ?” ಮಾಲೀಕರು ಕೇಳಿದರು.

“ಇದನ್ನ ನಡಸಾಕ ಅವರ ಬೇಕ್ರಿ. ಅವರ ಕೈಗೆ ಕೊಡ್ತೀರಿ ಅಂದ್ರ ಮಾರ್ತೇನಿ,” ಎಂದೆ. ಮಾಲೀಕರು ಒಪ್ಪಿ, ಖರೀದಿಯ ಕಾಗದಕ್ಕೆ ಸಹಿ ಹಾಕಿದರು.

ಆಮೇಲೆ ಎಷ್ಟೋ ಗಣಿಗಳಿಗೆ ಹೋದೆ. ಯಂತ್ರದ ಪೆಟ್ಟಿಗೆ ಬಿಚ್ಚುವ ಮೊದಲು, “ಇಲ್ಲಿ ಕಲ್ಲು ಬಡಿದು ನೋಡೋರು ಯಾರ್ರಿ?” ಎಂದು ಕೇಳುತ್ತಿದ್ದೆ.