ಹಿಡಿಯೊಳಗಿನ ಚೀಟಿ

ಕಡಬದ ಸುತ್ತಿನ ತೋಟದ ಕೋವಿಗಳ ಹೊಟ್ಟೆಯಲ್ಲೆಲ್ಲ ತ್ಯಾಂಪಣ್ಣನ ಅಕ್ಷರ ಇದೆ ಎಂದರೆ ನೀವು ನಂಬಲಿಕ್ಕಿಲ್ಲ. ಚುನಾವಣೆ ಬಂತೆಂದರೆ ಮಂಗ, ಹಂದಿ ಓಡಿಸುವ ಕೋವಿಗಳನ್ನೆಲ್ಲ ಠಾಣೆಗೆ ಒಪ್ಪಿಸಬೇಕಷ್ಟೆ? ಬಹಳ ಹಿಂದೊಮ್ಮೆ ನಂಬರು ತುಕ್ಕು ಹಿಡಿದ ಎರಡು ಕೋವಿಗಳು ಹಿಂತಿರುಗುವಾಗ ಅದಲುಬದಲಾಗಿ, ಆ ಎರಡು ಮನೆಯವರು ಮೂರು ವರ್ಷ ಮಾತು ಬಿಟ್ಟರು. ಅಂದಿನಿಂದ ತ್ಯಾಂಪಣ್ಣ ರಿಪೇರಿಗೆ ಬಂದ ಪ್ರತಿ ಕೋವಿಯ ಮರದ ಹಿಡಿ ಬಿಚ್ಚಿ, ಮನೆಯ ಹೆಸರು, ತಾರೀಕು ಬರೆದ ಚೀಟಿಯೊಂದನ್ನು ಒಳಗೆ ಮಡಚಿಟ್ಟು ಸ್ಕ್ರೂ ಬಿಗಿಯುತ್ತಾನೆ. ಯಾರೂ ಕೇಳಿದ್ದಲ್ಲ, ಕಾನೂನೂ ಅಲ್ಲ. ಚಟ, ಅಷ್ಟೆ! ಬೀಡಿ ಬಿಟ್ಟ ಮನುಷ್ಯ ಇದನ್ನು ಮಾತ್ರ ಬಿಡಲಿಲ್ಲ.

ಅರವತ್ತೆಂಟರ ಅವನಿಗೆ ತನ್ನ ಕೋವಿ ರಿಪೇರಿಯ ಅಂಗಡಿ ಬಿಟ್ಟರೆ ಬೇರೆ ಪ್ರಪಂಚವಿಲ್ಲ. ಗೋಡೆಯಲ್ಲಿ ಗಾಜು ಹಾಕಿದ ಲೈಸೆನ್ಸು, ಮೇಜಿನ ಮೇಲೆ ರಿಜಿಸ್ಟರು. "ಇನ್ನು ಬಾಗಿಲು ಹಾಕಿ ಮನೆಯಲ್ಲಿ ಕೂತ್ಕೊಳ್ಳಿ" ಎಂದು ಹೆಂಡತಿ ಅಕ್ಕು ಹೇಳಿದರೆ, "ಅಂಗಡಿ ಮುಚ್ಚಿದ ದಿನ ನಾನೂ ಹೋದೆ ಅಂತ ತಿಳ್ಕೊ" ಎನ್ನುವ ಆಸಾಮಿ.

ಕಳೆದ ಲೋಕಸಭಾ ಚುನಾವಣೆಯ ಹೊತ್ತಿಗೆ ಒಂದು ಬೆಳಿಗ್ಗೆ, ಗುಜರಿ ವ್ಯಾಪಾರದ ಉಸ್ಮಾನ್ ಓಡಿಬಂದು ಹೆಗಲ ವಸ್ತ್ರ ಬೈರಾಸಿನಲ್ಲಿ ಸುತ್ತಿದ ಏನನ್ನೋ ಆ ಮೇಜಿನ ಮೇಲಿಟ್ಟ.

"ಬೈಲಡ್ಕದ ಗಿರಿಧರಣ್ಣನ ಮನೆಯಿಂದ ಮೊನ್ನೆ ಹಳೆ ಟ್ರಂಕ್ ತೆಗೊಂಡಿದ್ದೆ. ಈಗ ಒಡೆಯುವಾಗ ಅಡಿಯ ತಗಡಿನ ಕೆಳಗೆ ಇದು! ಎಂತದು ಮಾರಾಯ್ರೆ ಇದು?"

ತ್ಯಾಂಪಣ್ಣ ಬೈರಾಸು ಬಿಡಿಸಿದ. ರಿವಾಲ್ವರ್! ಮೊದಲು ಸಿಲಿಂಡರ್ ಹೊರಗೆ ಸರಿಸಿ ನೋಡಿದ, ಗುಂಡಿಲ್ಲ. ಆರು ತೂತುಗಳು, ಆದರೆ ಇಷ್ಟು ದಪ್ಪ ಮೈಗೆ ಕಡಲೆ ಕೂಡ ಹೋಗದಷ್ಟು ಸಣ್ಣವು. ಗೇಣುದ್ದದ ಭಾರದ ನಳಿಗೆ. ಗುರಿಯನ್ನು ಕೂದಲೆಳೆಯಷ್ಟು ಆಚೀಚೆ ಸರಿಸಲು ಹಿಂದೆ ಪುಟಾಣಿ ಸ್ಕ್ರೂ. ಇದು ಜನರನ್ನು ಕೊಲ್ಲಲು ಮಾಡಿದ್ದಲ್ಲ, ಕಾಗದದ ಮೇಲಿನ ಕಪ್ಪು ಚುಕ್ಕಿಗೆ ಹೊಡೆಯುವ ಪಂದ್ಯದ ರಿವಾಲ್ವರ್. ತೊಂಬತ್ತು ವರ್ಷದ ಹಿಂದಿನ ಅಮೆರಿಕದ ಕೋಲ್ಟ್, ಪಾಯಿಂಟ್ ಟೂ ಟೂ. ಈ ಸೀಮೆಯಲ್ಲಿ ಅಂಥದ್ದು ಇದ್ದದ್ದು ಒಂದೇ ಒಂದು.

ಅವನ ಹೆಬ್ಬೆರಳು ನಳಿಗೆಯ ತುದಿಗೆ ಹೋಯಿತು. ಅಲ್ಲಿ ಗುರಿ ನೋಡುವ ಸಣ್ಣ ಹಲ್ಲು ಉಕ್ಕಿನದಲ್ಲ, ಹಿತ್ತಾಳೆಯದು. ಆ ಹಲ್ಲನ್ನು ಅರ ಹಾಕಿ ಉಜ್ಜಿ ಕೂರಿಸಿದವನು ಅವನೇ.

ಎಂಬತ್ಮೂರನೇ ಇಸವಿ. ಗಿರಿಧರನ ತಂದೆ ತಿರುಮಲೇಶ್ವರ ಭಟ್ಟರು ಇದನ್ನು ರಿಪೇರಿಗೆ ತಂದುಕೊಟ್ಟಿದ್ದರು. ಅದರ ಪರವಾನಗಿ ಮುಗಿದಿತ್ತು. "ಪುಸ್ತಕದಲ್ಲಿ ಬರೆಯುದು ಬೇಡ ಮಾರಾಯ" ಎಂದಿದ್ದರು. ಅಷ್ಟು ದೊಡ್ಡ ಮನುಷ್ಯರು ಹೆಗಲ ಮೇಲೆ ಕೈಯಿಟ್ಟು ಕೇಳಿದ್ದಕ್ಕೆ ಇಪ್ಪತ್ತೇಳರ ಹುಡುಗ ಉಬ್ಬಿಹೋಗಿದ್ದ. ಪುಸ್ತಕದಲ್ಲಿ ಬರೆಯಲಿಲ್ಲ. ಆದರೆ ಹಾಳಾದ ಕೈಗೆ ಅಭ್ಯಾಸವೊಂದಿತ್ತಲ್ಲ! ಹಿಡಿಯೊಳಗೆ ಚೀಟಿ ಇಟ್ಟೇಬಿಟ್ಟಿತ್ತು.

ಈಗ ಆ ಮಾತು ಬಾಯಿಗೆ ಬರಲಿಲ್ಲ. ಲೈಸೆನ್ಸಿನ ನವೀಕರಣಕ್ಕೆ ಕಾಗದ ಹಾಕಿ ತಿಂಗಳಾಗಿತ್ತಷ್ಟೆ. ಪುಸ್ತಕಕ್ಕೆ ಹತ್ತದ ಕೆಲಸ ಹೊರಬಿದ್ದರೆ ಅಂಗಡಿಯೇ ಮುಚ್ಚಬೇಕು.

"ಈಗಲೇ ಠಾಣೆಗೆ ಕೊಂಡುಹೋಗಿ ಕೊಡು ಉಸ್ಮಾನ್," ಎಂದ. "ಸತ್ಯ ಹೇಳಿದ್ರೆ ಎಂತ ಆಗುದಿಲ್ಲ."

ಸತ್ಯ ಹೇಳು ಅಂತೆ! ತಾನು ಮಾತ್ರ ನುಂಗಿಕೊಂಡು ಕೂರಬಹುದು.

ಮರುದಿನ ಹತ್ತು ಗಂಟೆಗೆ ಠಾಣೆಯಿಂದ ಫೋನು ಬಂತು: ಒಂದು ಆಯುಧ ಗುರುತಿಸಬೇಕು, ರಿಜಿಸ್ಟರು ಸಮೇತ ಬನ್ನಿ. ಹೋದರೆ ಜಗಲಿಯ ಬೆಂಚಿನಲ್ಲಿ ಉಸ್ಮಾನನ ಹೆಂಡತಿ ಜೈನಬಮ್ಮ, ಮಡಿಲಲ್ಲಿ ಚಹಾದ ಫ್ಲಾಸ್ಕು.

"ನಿನ್ನೆ ಹೋದವರು ಮನೆಗೆ ಬರ್ಲಿಲ್ಲ. ನೀವು ಹೇಳಿದ್ರಿ ಅಂತ ಬಂದದ್ದು ಅವ್ರು," ಎಂದಳು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದನ್ನೇ ತ್ಯಾಂಪಣ್ಣನಿಗೆ ತಡೆಯಲಾಗಲಿಲ್ಲ.

ಒಳಗೆ ಎಸ್‌ಐ ಅನಘಾ. ಎದುರಿನ ಕುರ್ಚಿಯಲ್ಲಿ ಬೈಲಡ್ಕದ ಗಿರಿಧರ, ಗೋಡೆಗೆ ಒರಗಿ ಉಸ್ಮಾನ್. ಮೇಜಿನ ಮೇಲೆ ರಿವಾಲ್ವರ್.

ತ್ಯಾಂಪಣ್ಣ ಗುರುತಿಸಿ ಹೇಳಿದ. ಪಂದ್ಯದ್ದು, ಬಹಳ ಅಪರೂಪದ್ದು. ಅನಘಾ ಬರೆದುಕೊಂಡಳು.

"ಇವರು ನಿಮ್ಮ ಟ್ರಂಕಿನಲ್ಲಿ ಸಿಕ್ಕಿತು ಅಂತಾರೆ," ಎಂದು ಗಿರಿಧರನ ಕಡೆ ತಿರುಗಿದಳು.

"ಟ್ರಂಕ್ ಕೊಟ್ಟದ್ದು ಹೌದು. ಅದರಲ್ಲಿ ತುಕ್ಕು ಹಿಡಿದ ಬೀಗ ಬಿಟ್ರೆ ಎಂತದೂ ಇರ್ಲಿಲ್ಲ. ನಮ್ಮಲ್ಲಿ ಇದ್ದದ್ದು ಒಂದೇ ಕೋವಿ. ತ್ಯಾಂಪಣ್ಣನ ಪುಸ್ತಕದಲ್ಲೇ ಉಂಟಲ್ಲ, ನೋಡಿ ಬೇಕಾದ್ರೆ!" ಗಿರಿಧರ ತ್ಯಾಂಪಣ್ಣನ ಕಣ್ಣನ್ನೇ ನೋಡುತ್ತಿದ್ದ. ರಿವಾಲ್ವರಿನ ಕೆಲಸ ಪುಸ್ತಕದಲ್ಲಿ ಇಲ್ಲವೆಂದು ಅವನಿಗೆ ಗೊತ್ತಿದೆ ಎಂದು ತ್ಯಾಂಪಣ್ಣನಿಗೆ ಖಾತ್ರಿಯಾಯಿತು.

ಅನಘಾ ರಿಜಿಸ್ಟರು ತಿರುವಿ ಹಾಕಿದಳು. ಬೈಲಡ್ಕದ ಹೆಸರಿನಲ್ಲಿ ಒಂದು ತೋಟದ ಕೋವಿ, ಮತ್ತೇನಿಲ್ಲ. ಗೋಡೆಯ ಗಡಿಯಾರ ನೋಡಿದಳು.

"ಹಾಗಾದ್ರೆ ಇಪ್ಪತ್ನಾಲ್ಕು ಗಂಟೆಯೊಳಗೆ ಇವರನ್ನು ಕೋರ್ಟಿಗೆ ಕಳಿಸಲೇಬೇಕು. ಚುನಾವಣೆಯ ನೀತಿ ಸಂಹಿತೆ ಬೇರೆ ಇದೆ."

ಪೇದೆ ಉಸ್ಮಾನನ ತೋಳಿಗೆ ಕೈ ಹಾಕಿದ. ಉಸ್ಮಾನ್ ಯಾರನ್ನೂ ಬೇಡಲಿಲ್ಲ. ತ್ಯಾಂಪಣ್ಣನನ್ನು ಒಮ್ಮೆ ನೋಡಿದ, ಅಷ್ಟೇ. ಇನ್ನೊಂದು ನಿಮಿಷ ಸುಮ್ಮನಿದ್ದರೆ ಸಾಕು. ಅಂಗಡಿ ಉಳಿಯುತ್ತದೆ, ಗೋಡೆಯ ಲೈಸೆನ್ಸು ಉಳಿಯುತ್ತದೆ, ಯಾರಿಗೂ ಏನೂ ಗೊತ್ತಾಗುವುದಿಲ್ಲ.

"ಮೇಡಂ, ಒಂದು ಸ್ಕ್ರೂಡ್ರೈವರ್ ಉಂಟಾ?"

"ಯಾಕೆ?"

"ಹಿಡಿ ಬಿಚ್ಚಬೇಕು."

ಗಿರಿಧರ ಅರ್ಧ ಎದ್ದ. "ಇದೆಂತ ತ್ಯಾಂಪಣ್ಣ, ಪ್ರಾಯ ಆದ್ಮೇಲೆ..."

"ಕೂತ್ಕೊಳ್ಳಿ ನೀವು!" ಎಂದು ತ್ಯಾಂಪಣ್ಣ ಗದರಿಸಿದ. ದೊಡ್ಡ ಮನೆಯವರನ್ನು ಅವನು ಜನ್ಮದಲ್ಲೇ ಗದರಿಸಿದ್ದಿಲ್ಲ.

ಸ್ಕ್ರೂ ನಾಲ್ಕು ಸುತ್ತಿನಲ್ಲಿ ಸಡಿಲವಾಯಿತು. ಮರದ ಪಟ್ಟಿ ಕಳಚಿತು. ಒಳಗೆ ಎಣ್ಣೆ ಕುಡಿದು ಕಂದಿದ ಕಾಗದದ ಚೂರು. ಅನಘಾ ಅದನ್ನು ಬಿಡಿಸಿ ಗಟ್ಟಿಯಾಗಿ ಓದಿದಳು: "ಬೈಲಡ್ಕ ತಿರುಮಲೇಶ್ವರ ಭಟ್. ಮುಂದಿನ ಹಲ್ಲು ಹೊಸತು. ಹನ್ನೆರಡು, ಹನ್ನೊಂದು, ಎಂಬತ್ಮೂರು." ಪೇದೆ ಉಸ್ಮಾನನ ತೋಳು ಬಿಟ್ಟ.

"ಯಾರ ಅಕ್ಷರ ಇದು?"

"ನನ್ನದೇ. ರಿಜಿಸ್ಟರಿನಲ್ಲಿ ಅಕ್ಷರ ತಾಳೆ ನೋಡಿ. ಅದರಲ್ಲಿ ಈ ಕೆಲಸ ಮಾತ್ರ ಸಿಕ್ಕುದಿಲ್ಲ."

ಅನಘಾ ಚೀಟಿಯನ್ನು ರಿಜಿಸ್ಟರಿನ ಪುಟದ ಪಕ್ಕ ಇಟ್ಟು ತಾಳೆ ನೋಡಿದಳು. "ನಿಮ್ಮ ಲೈಸೆನ್ಸಿನ ಬಗ್ಗೆ ಮೇಲಕ್ಕೆ ಬರೆಯಬೇಕಾಗ್ತದೆ."

"ಬರೀರಿ ಮೇಡಂ. ಬರೆಯದೆ ಬಿಟ್ಟದ್ದೇ ನನ್ನ ತಪ್ಪು."

ಹೇಳಿಕೆ, ಸಹಿ ಎಲ್ಲ ಮುಗಿಸಿ ಉಸ್ಮಾನನನ್ನು ಬಿಟ್ಟರು; ಇಬ್ಬರೂ ಹೊರಗೆ ಬರುವಾಗ ಮಧ್ಯಾಹ್ನ. ಜಗಲಿಯಲ್ಲಿ ಉಸ್ಮಾನ್ ಅವನ ಕೈ ಹಿಡಿದುಕೊಂಡ. ಆಮೇಲೆ ಏನೋ ಹೊಳೆದಂತೆ ಕೇಳಿದ, "ನಿನ್ನೆಯೇ ಗೊತ್ತಿತ್ತಾ ತ್ಯಾಂಪಣ್ಣ?"

"ಗೊತ್ತಿತ್ತು."

ಉಸ್ಮಾನ್ ಕೈ ಬಿಟ್ಟ. ತ್ಯಾಂಪಣ್ಣ ಬೆಂಚಿನಲ್ಲಿ ಕುಸಿದು ಕೂತ.

ಜೈನಬಮ್ಮ ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿದಳು. ಗಂಡನಿಗೆ ಕೊಡಲು ಹೋದವಳು ನಿಂತು, ತ್ಯಾಂಪಣ್ಣನ ಮುಂದೆ ಹಿಡಿದಳು.

"ಮೊದಲು ನೀವು ಕುಡೀರಿ. ಆರಿ ಹೋಗಿದೆ, ಬೆಳಿಗ್ಗೆಯದ್ದು."

ಅವನು ಎರಡೂ ಕೈಯಲ್ಲಿ ಹಿಡಿದು ಕುಡಿದ.