ಕುರ್ಚಿಯ ಕಾಲಲ್ಲಿ ಉಳಿದ ಎರಡು ಬೆರಳು

ಕರಕರ, ಕರಕರ. ಕ್ಷೌರದಂಗಡಿಯಿಂದ ಬೆಳಿಗ್ಗೆ ಕೇಳಬೇಕಾದದ್ದು ಕತ್ತರಿಯ ಸದ್ದು, ಕೇಳುತ್ತಿದ್ದದ್ದು ಗರಗಸದ್ದು. ಗಿರಾಕಿಗಳು ಕೂರುವ ಮರದ ಕುರ್ಚಿಯನ್ನು ಮಗುಚಿ ಹಾಕಿ ಕ್ಷೌರಿಕನ ಹೆಂಡತಿ ಅದರ ಕಾಲುಗಳನ್ನು ಒಂದೊಂದು ಬೆರಳಿನಷ್ಟು ಕೊಯ್ಯುತ್ತಿದ್ದಳು. ಕ್ಷೌರಿಕ ಪಕ್ಕದಲ್ಲಿ ನಿಂತು, “ಸಮ ಬರಲಿ, ಗಿರಾಕಿ ಓಲಾಡಬಾರದು” ಅನ್ನುತ್ತಿದ್ದ.

ಒಂದು ತಲೆಗೆ ಒಂದು ಗಂಟೆ ಹಿಡಿಯುವ ಅವನನ್ನು ಜನ ನಿಧಾನಪ್ಪ ಎಂದೇ ಕರೆಯುತ್ತಿದ್ದರು. ಮೂರು ತಿಂಗಳಿಂದ ಅವನ ತೋಳು ಭುಜದ ಮಟ್ಟಕ್ಕೆ ಏಳುತ್ತಿರಲಿಲ್ಲ. ಕೈ ಏಳದಿದ್ದರೆ ತಲೆ ಇಳಿಯಲಿ ಎಂದು ಅವನೇ ಕಂಡುಕೊಂಡ, ವಾರಕ್ಕೆರಡು ಸಲ ನಡೆಯುವ ಉಪಾಯ ಇದು. ಗಿರಾಕಿಗಳೂ ಮರ್ಯಾದಸ್ಥರು, ಮೊಣಕಾಲು ಕಿವಿಗೆ ತಾಗಿದರೂ ಚಕಾರ ಎತ್ತಲಿಲ್ಲ. ಅವನ ರೆಪ್ಪೆಗಳು ನೇರಳೆಗೆ ತಿರುಗಿದಾಗ ಮಾತ್ರ, “ಈ ವಯಸ್ಸಲ್ಲಿ ಶೋಕಿ ನೋಡು” ಎಂದು ನಕ್ಕರು.

ನಗದವರು ಒಬ್ಬರೇ, ಮುದಿ ತಂದೆಯನ್ನು ಕರೆತಂದಿದ್ದ ಡಾಕ್ಟರಮ್ಮ. ರೆಪ್ಪೆ, ಬೆರಳ ಗೆಣ್ಣುಗಳ ಮೇಲಿನ ಕೆಂಪು ನೋಡಿ, ಸ್ನಾಯುಗಳು ಉರಿಯೂತದಿಂದ ಸೋತಿವೆ ಎಂದರು. ಈ ಕಾಯಿಲೆಯ ಬೆನ್ನಿಗೆ ಕೆಲವರಲ್ಲಿ ಕ್ಯಾನ್ಸರ್ ಅಡಗಿರುತ್ತದೆಂದು ಮೈಯೆಲ್ಲ ಹುಡುಕಿಸಿದರು. ಕರುಳಲ್ಲಿ ಸಿಕ್ಕಿತು.

“ಕೈ ಏಳಲ್ಲ ಅಂತ ಬಂದ್ರೆ ಹೊಟ್ಟೆ ಕೊಯ್ಬೇಕು ಅಂತೀರಲ್ಲಮ್ಮ,” ಅಂದಿದ್ದ.

“ಅದನ್ನ ತೆಗೆದ್ರೆ ಕೈಯೂ ಎದ್ದೀತು.”

ಶಸ್ತ್ರಚಿಕಿತ್ಸೆಗೆ ಎರಡು ಸಲ ದಿನ ಗೊತ್ತಾಯಿತು. ಎರಡು ಸಲವೂ ಅವನು ಆಸ್ಪತ್ರೆಗೆ ಹೋಗುವ ಬದಲು ಕುರ್ಚಿ ಕೊಯ್ಯಿಸಿದ. ಒಳಗೆ ಹೋದವನು ಹೊರಗೆ ಬರುತ್ತೇನೋ ಇಲ್ಲವೋ ಎಂಬುದು ಅವನು ಯಾರಿಗೂ ಹೇಳದ ಭಯ. ಇವತ್ತು ಮೂರನೆಯ ಸಲ ಗೊತ್ತಾದ ದಿನ. “ನಾನು ಕಾಯಬಹುದು, ಅದು ಕಾಯಲ್ಲ” ಎಂದಿದ್ದರು ಡಾಕ್ಟರಮ್ಮ.

“ಇನ್ನು ಎರಡೇ ಬೆರಳು ಉಳಿದಿರೋದು,” ಹೆಂಡತಿ ಗರಗಸ ಕೆಳಗಿಟ್ಟಳು. “ಆಮೇಲೆ ನೆಲ ಅಗೀತೀರಾ?”

“ಅಗೆದರಾಯ್ತು.”

ಆಗ ಬಂದ ಬಡಗಿ ಕುರ್ಚಿ ನೆಟ್ಟಗಿಟ್ಟು ಕೂತ, ಅಂದರೆ ಹೆಚ್ಚುಕಡಿಮೆ ನೆಲದ ಮೇಲೆ. ಅರ್ಧ ತಲೆ ಮುಗಿಯುವಷ್ಟರಲ್ಲಿ ಕತ್ತರಿ ಹಿಡಿದ ಕೈ ಸೋತು ಜೋತುಬಿತ್ತು. ಬಡಗಿ ಕನ್ನಡಿಯಲ್ಲಿ ಅದನ್ನು ನೋಡಿದ, ಬಾಗಿಲಲ್ಲಿ ಕಟ್ಟಿಟ್ಟಿದ್ದ ಆಸ್ಪತ್ರೆಯ ಚೀಲವನ್ನೂ ನೋಡಿದ.

“ಅಣ್ಣ, ಈ ಕುರ್ಚಿ ಮಾಡಿದ್ದು ನಾನೇ. ಮರ ಕುಗ್ಗೋದು ಕಂಡಿದೀನಿ, ಬರೀ ಕಾಲು ಕುಗ್ಗೋದು ಕಂಡಿಲ್ಲ. ಹೊಸ ಕಾಲು ಹಾಕ್ತೀನಿ. ನೀವು ಆಸ್ಪತ್ರೆಯಿಂದ ಬರೋ ಹೊತ್ತಿಗೆ ರೆಡಿ. ಎಷ್ಟು ಎತ್ತರ ಇಡಲಿ?”

ಬರೋ ಹೊತ್ತಿಗೆ. ಬಡಗಿ ಅದನ್ನು ಮೊಳೆ ಹೊಡೆದಷ್ಟು ಸಲೀಸಾಗಿ ಅಂದುಬಿಟ್ಟಿದ್ದ. ನಿಧಾನಪ್ಪ ಕತ್ತರಿ ಒರೆಸಿಟ್ಟ.

“ಮೊದಲಿದ್ದಷ್ಟೇ ಇಡು.”

“ಮೊದಲಿದ್ದದ್ದು ಮೊಳದ ಮೇಲೆ ನಾಲ್ಕು ಬೆರಳು. ಸದ್ಯಕ್ಕೆ ಒಂದು ಬೆರಳು ಕಮ್ಮಿ ಮಾಡ್ಲಾ? ಆಮೇಲೆ ಅಣ್ಣ, ಈ ಎಡಗಡೆ ಕೂದಲು ಹಾಗೇ ಇದೆಯಲ್ಲ, ಇದನ್ನ ನೀವು ಬರೋ ತನಕ...”

ನಿಧಾನಪ್ಪ ಚೀಲ ಹೊತ್ತ ಹೆಂಡತಿಯ ಮೊಣಕೈ ಹಿಡಿದು ಆಗಲೇ ಮೆಟ್ಟಿಲಿಳಿದು ಬೀದಿಯಲ್ಲಿದ್ದ.