ಹೊಲಿಗೆ ಕೋಣೆಗೆ ಬಂದ ಬಿಸಿನೀರು

ಹೊಲಿಗೆ ಯಂತ್ರದ ಪಕ್ಕ ಇಟ್ಟಿದ್ದ ಲೋಟದ ನೀರಿನ ಮೇಲೆ ಆ ಬೆಳಿಗ್ಗೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಬೆರಳಿನಿಂದ ಒತ್ತಿದೆ; ಹಪ್ಪಳದಂತೆ ಮುರಿಯಿತು. ಟೆಕ್ಸಸ್ ಎಂದರೆ ನಮ್ಮ ದಾವಣಗೆರೆಯ ಹಾಗೆ ಬಿಸಿಲೂರು ಎಂದು ನಂಬಿಕೊಂಡು ಬಂದವಳು ನಾನು. ಬೇಸಿಗೆಯ ಮಟ್ಟಿಗೆ ಅದು ನಿಜವೂ ಹೌದು. ಆದರೆ ಜನವರಿಯಲ್ಲಿ ಗಾಳಿ ಉತ್ತರಕ್ಕೆ ತಿರುಗಿತೆಂದರೆ, ಮಧ್ಯಾಹ್ನ ತೆಳು ಅಂಗಿಯಲ್ಲಿ ಓಡಾಡಿದವರು ಸಂಜೆಗೆ ಕೋಟು ಹುಡುಕಬೇಕು.

ಡಾಲಸ್ ಪಕ್ಕದ ಫಾರ್ಮರ್ಸ್ ಬ್ರಾಂಚ್‌ನಲ್ಲಿ ನಮ್ಮ ಮನೆ. ನಾನು ರವಿಕೆ ಹೊಲಿಯುತ್ತೇನೆ. ಇರ್ವಿಂಗ್ ಕಡೆಯ ಕನ್ನಡದ, ತೆಲುಗಿನ ಹೆಂಗಸರು ಡ್ರೈವ್ ಮಾಡಿಕೊಂಡು ಬಂದು ಬ್ಲೌಸ್ ಪೀಸ್ ಕೊಟ್ಟು ಹೋಗುತ್ತಾರೆ. ಮನೆಯ ಹಿಂದಿನ ವರಾಂಡಕ್ಕೆ ಯಾರೋ ಗಾಜು ಹಾಕಿಸಿ ಕೋಣೆ ಮಾಡಿದ್ದರು; ಅದೇ ನನ್ನ ಹೊಲಿಗೆ ಕೋಣೆ. ಬೆಳಕಿಗೆ ಅಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಚಳಿಗಾಲದಲ್ಲಿ ಮಾತ್ರ ಕತ್ತರಿ ಹಿಡಿದ ಬೆರಳು ಮರಗಟ್ಟುತ್ತಿತ್ತು.

ಇಲ್ಲಿನ ಹೆಚ್ಚಿನ ಮನೆಗಳಲ್ಲಿ ಚಳಿಗೆ ಚಾವಣಿಯಿಂದ ಬಿಸಿಗಾಳಿ ಊದುತ್ತದೆ. ನಮ್ಮದು ಬೇರೆ. ಹಿಂದಿನ ಮಾಲೀಕರು ಉತ್ತರದ ಹಿಮದ ಸೀಮೆಯವರಂತೆ. ತಮ್ಮೂರಿನ ಪದ್ಧತಿ ಬಿಡಲಾರದೆ ಬಾಯ್ಲರ್ ಕೂರಿಸಿದ್ದರು. ಅದು ನೀರು ಕಾಯಿಸುತ್ತದೆ, ಪಂಪು ಆ ನೀರನ್ನು ಗೋಡೆಯ ಬುಡದ ಪೈಪುಗಳಲ್ಲಿ ಸುತ್ತಿಸುತ್ತದೆ, ಕೋಣೆಗಳು ಸದ್ದಿಲ್ಲದೆ ಬೆಚ್ಚಗಾಗುತ್ತವೆ. ನನ್ನ ಕೋಣೆಗೆ ಮಾತ್ರ ಆ ಪೈಪು ಬಂದಿರಲಿಲ್ಲ. ನೋಡಲು ಬಂದ ಇಬ್ಬರು ಪ್ಲಂಬರ್‌ಗಳು ಬಾಯ್ಲರ್ ಕಂಡು ತಲೆ ಕೆರೆದುಕೊಂಡು ಹೋದರು. ಮೂರನೆಯವರು ರೂಬೆನ್.

ರೂಬೆನ್ ಎಪ್ಪತ್ತರ ಹತ್ತಿರದವರು. ಮೆಕ್ಸಿಕೋದಲ್ಲಿ ಹುಟ್ಟಿ, ಶಿಕಾಗೋದಲ್ಲಿ ಬಾಯ್ಲರ್ ಕೆಲಸ ಕಲಿತು, ಮೊಮ್ಮಕ್ಕಳ ಜೊತೆಗಿರಲು ಡಾಲಸ್‌ಗೆ ಬಂದವರು. ಮೊದಲ ದಿನವೇ ನನ್ನನ್ನು 'ಮಿಹಾ' ಎಂದರು. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ 'ನನ್ನ ಮಗಳೇ'. ನಮ್ಮ ಕಡೆ ಹಿರಿಯರು ಕಿರಿಯರನ್ನು 'ತಾಯೀ' ಎನ್ನುತ್ತಾರಲ್ಲ, ಹಾಗೆ.

"ತಾಮ್ರದ ಪೈಪೇ ಹಾಕಿ," ಎಂದೆ. ಅಜ್ಜಿಯ ಬಚ್ಚಲಿನ ತಾಮ್ರದ ಹಂಡೆಯ ನೀರು ಮಿಂದು ಬೆಳೆದವಳಿಗೆ ಬಿಸಿನೀರಿಗೆ ಬೇರೇನೂ ತೋಚಲಿಲ್ಲ.

ಅವರು ಕೋಣೆಯ ನೆಲದಡಿಯ ತಗ್ಗಿಗೆ ಟಾರ್ಚ್ ಬಿಟ್ಟು ತೋರಿಸಿದರು. "ತಾಮ್ರ ಒಳ್ಳೇದೇ, ಮಿಹಾ. ಆದ್ರೆ ಇಲ್ಲಿ ಗಾಳಿ ನುಗ್ಗುತ್ತೆ. ಕರೆಂಟ್ ಹೋಗಿ ಪಂಪ್ ನಿಂತ್ರೆ ನೀರು ಹೆಪ್ಪುಗಟ್ಟಿ ತಾಮ್ರ ಸೀಳಬಹುದು. ಈ ಪ್ಲಾಸ್ಟಿಕ್ ಪೈಪ್ ಸ್ವಲ್ಪ ಹಿಗ್ಗಿ ತಡ್ಕೊಳ್ಳುತ್ತೆ. ಬಾಗುತ್ತೆ, ಹಾಗಾಗಿ ಜಾಯಿಂಟೂ ಕಡಿಮೆ."

"ಅಷ್ಟು ಬಿಸಿ ನೀರಿಗೆ ಪ್ಲಾಸ್ಟಿಕ್ಕಾ?" ನನ್ನ ಗಂಡ ಸುರೇಶ್ ಹುಬ್ಬೇರಿಸಿದರು.

"ಇದು ಬಕೆಟ್ ಪ್ಲಾಸ್ಟಿಕ್ ಅಲ್ಲ. ಹೀಟಿಂಗ್‌ಗೆ ಅಂತಲೇ ಮಾಡಿರೋದು. ಗಾಳಿ ಒಳಗೆ ಹೋಗದ ಹಾಗೆ ಒಂದು ಪದರ ಇರುತ್ತೆ. ಗಾಳಿ ಹೋದ್ರೆ ಬಾಯ್ಲರ್‌ನ ಕಬ್ಬಿಣ ತುಕ್ಕು ಹಿಡಿಯುತ್ತೆ."

ಎರಡು ದಿನ ನೆಲದಡಿ ತೆವಳಿ ಕೆಲಸ ಮುಗಿಸಿದರು. ಆ ಸಂಜೆ ನಾನು ಬರಿಗಾಲಲ್ಲಿ ಪೆಡಲ್ ಒತ್ತುತ್ತ ಮದುಮಗಳೊಬ್ಬಳ ರವಿಕೆಗೆ ಬಾರ್ಡರ್ ಕೂರಿಸಿದೆ. ಅಂಥವು ಆರು, ಶನಿವಾರಕ್ಕೆ ಕೊಡಬೇಕಿತ್ತು.

ಮರುದಿನ ಬೆಳಿಗ್ಗೆ ಬಾಗಿಲಲ್ಲಿ ಮತ್ತೆ ರೂಬೆನ್. ಕೈಯಲ್ಲಿ ಮೊಳದುದ್ದದ ಪೈಪಿನ ತುಂಡು.

"ನಾನು ತಪ್ಪು ಮಾಡಿದೀನಿ, ಮಿಹಾ. ವ್ಯಾನ್‌ನಲ್ಲಿ ಎರಡು ಸುರುಳಿ ಇತ್ತು. ಕುಡಿಯೋ ನೀರಿನ ಪೈಪ್ ನಿಮ್ಮನೆಗೆ ಹಾಕಿಬಿಟ್ಟಿದೀನಿ. ನೋಡು, ಇಲ್ಲಿ ಬರೆದಿದೆ. ಇದಕ್ಕೆ ಆ ಪದರ ಇಲ್ಲ."

"ಚೆನ್ನಾಗೇ ಬಿಸಿಯಾಗ್ತಿದೆಯಲ್ಲ?"

"ಈಗ ಆಗುತ್ತೆ. ಕೆಲವು ವರ್ಷ ಹೋದ್ಮೇಲೆ ಪಂಪ್ ಕೆಡುತ್ತೆ, ಆಮೇಲೆ ಬಾಯ್ಲರ್. ಯಾಕೆ ಕೆಟ್ಟಿತು ಅಂತ ಯಾರಿಗೂ ಗೊತ್ತಾಗಲ್ಲ."

ಯಾರಿಗೂ ಗೊತ್ತಾಗದ ತಪ್ಪನ್ನು ಹೇಳಲು ಆ ಮನುಷ್ಯ ತಾವಾಗಿಯೇ ಬಂದಿದ್ದರು. ಆದರೂ ನನ್ನ ತಲೆಯಲ್ಲಿದ್ದದ್ದು ಶನಿವಾರ. "ಮುಂದಿನ ವಾರ ಮಾಡಬಹುದಾ?" ಎಂದು ಕೇಳಿಯೇಬಿಟ್ಟೆ.

"ಭಾನುವಾರದಿಂದ ಭಾರಿ ಚಳಿ ಅಂತಿದಾರೆ. ಆಗ ಪೈಪ್ ಬದಲಿಸೋಕೆ ನೀರು ಖಾಲಿ ಮಾಡಿದ್ರೆ ಇಡೀ ಮನೆ ತಣ್ಣಗಾಗುತ್ತೆ. ಇವತ್ತೇ ಬಿಚ್ಚಿಬಿಡ್ತೀನಿ."

ಹಾಕಿದ್ದನ್ನು ಬಿಚ್ಚುವ ಸಂಕಟ ನನಗೂ ಗೊತ್ತು. ಒಮ್ಮೆ ಗಿರಾಕಿಯೊಬ್ಬಳ ರವಿಕೆಯಲ್ಲಿ ಕಂಕುಳಿನ ಹೊಲಿಗೆ ಅರ್ಧ ಬೆರಳಷ್ಟು ಏರುಪೇರಾಗಿತ್ತು. ಸೆರಗಿನಡಿ ಕಾಣುವುದಿಲ್ಲವೆಂದು ಹಾಗೇ ಕೊಟ್ಟುಬಿಟ್ಟಿದ್ದೆ. ಅದು ನೆನಪಾಗಿ ನಾಚಿಕೆಯಾಯಿತು.

ಯಂತ್ರವನ್ನು ಊಟದ ಮೇಜಿಗೆ ಸಾಗಿಸಿದೆವು. ನಡುನಡುವೆ ನಾನು ನೆಲಕ್ಕೆ ಬಗ್ಗಿ ಅವರಿಗೆ ಟಾರ್ಚ್ ಹಿಡಿದೆ. ಮಧ್ಯಾಹ್ನ ಹೊರಬಂದಾಗ ಅವರ ಮಂಡಿ ನೆಟ್ಟಗಾಗಲು ಹೊತ್ತು ಹಿಡಿಯಿತು. ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ರೊಟ್ಟಿಯನ್ನು ಬೆಳಕಿಗೆ ಹಿಡಿದು, "ಇದು ನಮ್ಮ ತೋರ್ತಿಯಾದ ಅಕ್ಕ!" ಎಂದು ನಕ್ಕರು. ತೋರ್ತಿಯಾ ಎಂದರೆ ಅವರ ಮುಸುಕಿನಜೋಳದ ರೊಟ್ಟಿ. ಈ ಸಲ ಪೈಪಿನ ಮೇಲಿನ ಅಕ್ಷರವನ್ನು ನನ್ನಿಂದಲೇ ಓದಿಸಿ, ಆಮೇಲೆ ಒಳಗೆಳೆದುಕೊಂಡರು. ಸಂಜೆಗೆ ಕೋಣೆ ಮತ್ತೆ ಬೆಚ್ಚಗಾಯಿತು.

ಶನಿವಾರ ಆರೂ ರವಿಕೆ ಹೋದವು. ಭಾನುವಾರ ಹಿತ್ತಿಲ ಮರಗಳ ಕೊಂಬೆಗಳಿಗೆಲ್ಲ ಗಾಜು ಬಳಿದಂತೆ ಮಂಜು ಕಟ್ಟಿತು. ಕರೆಂಟು ಕೆಲವು ತಾಸು ಹೋಗಿ ಬಂತು, ಪೈಪು ತಡೆದುಕೊಂಡಿತು. ಸೋಮವಾರ ಆ ಹಳೆಯ ಗಿರಾಕಿಗೆ ಫೋನ್ ಮಾಡಿ ರವಿಕೆ ವಾಪಸ್ ತರಲು ಹೇಳಿದೆ.

"ಯಾವುದು ಆಂಟಿ? ಅದು ಸರಿಯಾಗೇ ಇದೆಯಲ್ಲ!" ಎಂದಳು.

"ಇಲ್ಲಮ್ಮ, ಸರಿಯಿಲ್ಲ. ತಗೊಂಡು ಬಾ," ಎಂದೆ.

ಅಪರಿಚಿತರ ನಾಡೆಂದು ಹೆದರಿಕೊಂಡಿದ್ದ ಕಡೆ ನನ್ನ ಕಸುಬಿನ ನಿಯತ್ತನ್ನು ನನಗೆ ಕಲಿಸಿದ್ದು ಒಬ್ಬ ಪ್ಲಂಬರ್. ಅವರೂ ಬೇರೆ ಕಡೆಯಿಂದ ಬಂದವರೇ.

ಮುಂದಿನ ಡಿಸೆಂಬರಿನಲ್ಲಿ ದಾವಣಗೆರೆಗೆ ಹೋದೆ. ತಂಗಿ ನನಗೆಂದು ಹೊಸ ಚಾದರ ಹಾಸಿದ್ದಳು, ಬೇಡವೆಂದರೂ ದಿನಕ್ಕೊಂದು ತಿಂಡಿ ಮಾಡಿದಳು. ಹದಿನೈದನೇ ದಿನ ಚಹಾ ಕೊಡುತ್ತ ಕೇಳಿದಳು:

"ಮನೆಗೆ ಯಾವಾಗ ಹೊಂಟೀಯಕ್ಕಾ?"

"ಭಾನುವಾರ," ಎಂದೆ, ಥಟ್ಟನೆ. ಅವಳು ಏನನ್ನೂ ಗಮನಿಸದೆ ಒಳಗೆ ಹೋದಳು. ನಾವಿಬ್ಬರೂ ಹುಟ್ಟಿ ಬೆಳೆದ ಆ ಪಡಸಾಲೆಯಲ್ಲಿ ಲೋಟ ಹಿಡಿದು ನಾನೊಬ್ಬಳೇ ಕೂತಿದ್ದೆ. ಮನೆಯಲ್ಲೇ ಕೂತವಳನ್ನು ಮನೆಗೆ ಯಾವಾಗ ಎಂದು ಕೇಳಿದ್ದಳು ಅವಳು. ನಾನು ತಡವರಿಸಿಯೂ ಇರಲಿಲ್ಲ.